ಮೋಡೆಮ್‌ಗೆ ಬಾಡಿಗೆ ಕಟ್ಟುವುದೋ, ಸ್ವಂತದ್ದು ಕೊಳ್ಳುವುದೋ?

ಪ್ರಶ್ನೆ: ನಮ್ಮ ಮನೆ ಗಂಗಾವತಿಯಲ್ಲಿದೆ. ಟಿವಿ ಕೇಬಲ್ ಕೊಡುವವರೇ ಎರಡು ವರ್ಷದ ಹಿಂದೆ ಇಂಟರ್‌ನೆಟ್ ಸಂಪರ್ಕವನ್ನೂ ಕೊಟ್ಟರು. ಪ್ರತಿ ತಿಂಗಳ ಬಿಲ್ಲಿನಲ್ಲಿ ಮೋಡೆಮ್ ಬಾಡಿಗೆಯೆಂದು 100 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬರುತ್ತದೆ. ಅಮೆರಿಕದಲ್ಲಿರುವ ನಮ್ಮ ಅಳಿಯಂದಿರು, ಅಲ್ಲಿ ಎಷ್ಟೋ ಜನ ಸ್ವಂತ ಮೋಡೆಮ್ ಕೊಂಡು ಬಾಡಿಗೆ ಉಳಿಸುತ್ತಾರೆ, ನೀವೂ ಹಾಗೇ ಮಾಡಿ ಎನ್ನುತ್ತಾರೆ. ನಮ್ಮಲ್ಲಿ ಅದು ಸಾಧ್ಯವೇ?

ಉತ್ತರ: ಮೊದಲು ಲೆಕ್ಕ ನೋಡೋಣ. 100 ರೂಪಾಯಿಗೆ ಶೇಕಡಾ 18ರ ಜಿಎಸ್‌ಟಿ ಸೇರಿದರೆ 118 ಆಗುತ್ತದೆ, ವರ್ಷಕ್ಕೆ 1,416, ಎರಡು ವರ್ಷದಲ್ಲಿ ನೀವು ಕಟ್ಟಿರುವುದು 2,832 ರೂಪಾಯಿ. ನಿಮ್ಮ ಮನೆಯಲ್ಲಿರುವಂಥ ಡಬ್ಬಿ ಸಾಧಾರಣ ಮಾದರಿಯದಾದರೆ ಸಾವಿರದ ಆಸುಪಾಸಿಗೆ, ಎರಡು ಬ್ಯಾಂಡಿನ, ಎಂದರೆ ಎರಡು ತರಂಗಪಟ್ಟಿಗಳಲ್ಲಿ ವೈಫೈ ಕೊಡುವ, ಒಳ್ಳೆಯದಾದರೆ ಎರಡು ಮೂರು ಸಾವಿರಕ್ಕೆ ಸಿಗುವುದರಿಂದ, ಡಬ್ಬಿಯ ಹಣ ತೀರಿದರೂ ಬಾಡಿಗೆ ತೀರಿಲ್ಲ ಎಂಬ ನಿಮ್ಮ ಅಸಮಾಧಾನ ನ್ಯಾಯವಾದದ್ದೇ. ಆದರೆ ಸ್ವಂತ ಡಬ್ಬಿ ಕೊಳ್ಳುವುದು ನಿಮ್ಮ ಕೈಯಲ್ಲಿದ್ದರೂ ಅದು ಕೆಲಸ ಮಾಡುವಂತೆ ಮಾಡುವುದು ನಿಮ್ಮ ಕೇಬಲ್ ಆಪರೇಟರ್ ಕೈಯಲ್ಲಿದೆ. ಅವರು ಒಪ್ಪದಿದ್ದರೆ ಹೊಸ ಡಬ್ಬಿ ದೀಪ ಉರಿಸುತ್ತ ಸುಮ್ಮನೆ ಕೂರುತ್ತದೆ.

ಅಳಿಯಂದಿರು ಹೇಳಿದ್ದರಲ್ಲಿ ತಪ್ಪಿಲ್ಲ. ಅವರ ಮನೆಗೆ ಬರುವ ತಂತಿ ಬೇರೆ. ಅಲ್ಲಿ ಬಹಳ ಮನೆಗಳಿಗೆ ಇಂಟರ್‌ನೆಟ್ ಬರುವುದು ಟಿವಿಯ ತಾಮ್ರದ ಕೊಯಾಕ್ಸಿಯಲ್ ಕೇಬಲ್ಲಿನಲ್ಲಿ. ಆ ಕೇಬಲ್ಲಿಗೆ ಹತ್ತುವ ಮೋಡೆಮ್‌ಗಳೆಲ್ಲ ಡಾಕ್ಸಿಸ್ ಎಂಬ ಒಂದೇ ಮಾನದಂಡಕ್ಕೆ ತಯಾರಾಗುತ್ತವೆ. 1997ರಲ್ಲಿ ಮೊದಲ ಆವೃತ್ತಿ ಬಂದ ಈ ಮಾನದಂಡದಿಂದಾಗಿ, ಕಂಪನಿಯವರು ಒಪ್ಪಿಗೆ ಕೊಟ್ಟ ಮಾದರಿಗಳ ಪಟ್ಟಿ ನೋಡಿ ಅಂಗಡಿಯಿಂದ ಒಂದನ್ನು ತಂದು, ಅದರ ಮ್ಯಾಕ್ ವಿಳಾಸವನ್ನು (ಪ್ರತಿ ಉಪಕರಣಕ್ಕೂ ಬೇರೆಬೇರೆಯಾಗಿರುವ ಗುರುತುಸಂಖ್ಯೆ) ಫೋನಿನಲ್ಲಿ ಓದಿ ಹೇಳಿದರೆ ಸಾಕಾಗುತ್ತದೆ. ಗ್ರಾಹಕ ತನ್ನದೇ ಉಪಕರಣ ಬಳಸುತ್ತಿದ್ದರೆ ಅದಕ್ಕೆ ಬಾಡಿಗೆ ಹಾಕಕೂಡದೆಂದು 2019ರಲ್ಲಿ ಅಲ್ಲಿ ಕಾನೂನೂ ಆಯಿತು. ಜರ್ಮನಿಯಲ್ಲಿ 2016ರ ಆಗಸ್ಟ್‌ನಿಂದ ಯಾವ ಮೋಡೆಮ್ ಬಳಸಬೇಕೆಂಬುದು ಗ್ರಾಹಕನ ಹಕ್ಕಾಗಿದೆ.

ನಿಮಗೆ ಸಂಪರ್ಕ ಕೊಟ್ಟವರು ಕೇಬಲ್‌ನವರೇ ಆದರೂ ನಿಮ್ಮ ಮನೆಯಲ್ಲಿರುವುದು ಬಹುಶಃ ಕೇಬಲ್ ಮೋಡೆಮ್ ಅಲ್ಲ. ಡಬ್ಬಿಯ ಹಿಂಬದಿ ನೋಡಿ. ಇಂಟರ್‌ನೆಟ್ ಬರುವುದು ಟಿವಿ ಕೇಬಲ್ಲಿಗೆ ಇರುವಂಥ ತಿರುಪಿನ ಪಿನ್ನಿನಿಂದ ಅಲ್ಲದಿರಬಹುದು. ಅದರ ಬದಲು ತೆಳ್ಳನೆಯ ತಂತಿಯೊಂದು ಹಸಿರು ಅಥವಾ ನೀಲಿ ಬಣ್ಣದ ಚೌಕಾಕಾರದ ಪ್ಲಗ್ಗಿನಿಂದ ಒಳಗೆ ಸೇರಿದೆ. ಆ ಪ್ಲಗ್ಗಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ದಪ್ಪದ ಬಿಳಿ ಪಿಂಗಾಣಿ ಕಡ್ಡಿಯಿದ್ದು, ಅದರ ನಡುವಿನ ಕೂದಲೆಳೆಯಂಥ ಗಾಜಿನಲ್ಲಿ ಬೆಳಕು ಹೋಗಿ ಬರುತ್ತದೆ. ಹಸಿರು ಪ್ಲಗ್ಗಿನಲ್ಲಿ ಆ ಗಾಜಿನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದರಲ್ಲಿ ಓರೆಯಿರುವುದಿಲ್ಲ. ಎರಡನ್ನೂ ಬಲವಂತವಾಗಿ ಜೋಡಿಸಿದರೆ ಬೆಳಕು ಸೋರಿಹೋಗುತ್ತದೆ. ಈ ಡಬ್ಬಿಯ ಸರಿಯಾದ ಹೆಸರು ಓಎನ್‌ಯು ಅಥವಾ ಓಎನ್‌ಟಿ. ಊರಲ್ಲಿ ಮೋಡೆಮ್ ಎಂದೋ ವೈಫೈ ಡಬ್ಬಿ ಎಂದೋ ಕರೆಯುತ್ತೇವೆ, ಹಾಗೆಂದರೂ ಅಂಗಡಿಯವರಿಗೆ ಅರ್ಥವಾಗುತ್ತದೆ.

ಆಪರೇಟರ್ ಒಪ್ಪಿಗೆ ಏಕೆ ಬೇಕೆಂಬುದು ತಿಳಿಯಬೇಕಾದರೆ ತಂತಿಯ ಆಚೆ ತುದಿಗೆ ಹೋಗಬೇಕು. ಅವರ ಕಚೇರಿಯಲ್ಲಿ ಓಎಲ್‌ಟಿ ಎಂಬ ಯಂತ್ರವಿರುತ್ತದೆ. ಅದರ ಒಂದು ಪೋರ್ಟಿನಿಂದ ಹೊರಡುವ ಒಂದೇ ಫೈಬರ್ ಎಳೆ, ಎಂದರೆ ಆ ಗಾಜಿನ ಎಳೆ, ಕಂಬದ ಮೇಲಿನ ಸ್ಪ್ಲಿಟರ್‌ಗಳಲ್ಲಿ ಕವಲೊಡೆದು 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮುಖ್ಯ ಕಾಲುವೆ ಓಎಲ್‌ಟಿಯಾದರೆ, ವಿತರಣಾ ಕಾಲುವೆ ಆ ಒಂದು ಎಳೆ, ಹೊಲಕ್ಕೆ ನೀರು ಬಿಡುವ ತೂಬು ನಿಮ್ಮ ಮನೆಯ ಡಬ್ಬಿ. ಕೆಳಗೆ ಬರುವ ಬೆಳಕು ಎಲ್ಲ ಮನೆಗಳಿಗೂ ಒಂದೇ ಆಗಿ ಬರುತ್ತದೆ, ಪ್ರತಿಯೊಂದು ಡಬ್ಬಿಯೂ ತನ್ನ ಪಾಲನ್ನಷ್ಟೇ ಎತ್ತಿಕೊಳ್ಳುತ್ತದೆ. ಮೇಲಕ್ಕೆ ಕಳಿಸುವಾಗ ಮಾತ್ರ ಸರದಿ ಪಾಳಿಯುಂಟು. ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಯಾರ ಡಬ್ಬಿ ಬೆಳಕು ಬಿಡಬೇಕೆಂದು ಓಎಲ್‌ಟಿ ನಿಗದಿ ಮಾಡುತ್ತದೆ. ಒಂದು ಕೆಟ್ಟ ಡಬ್ಬಿ ತನ್ನ ಪಾಳಿ ಮೀರಿ ಸದಾ ಬೆಳಕು ಬಿಡತೊಡಗಿದರೆ, ತೂಬು ಒಡೆದವನಿಂದ ಕೊನೆಭಾಗದ ರೈತರ ಹೊಲ ಒಣಗಿದಂತೆ, ಆ ಎಳೆಯ ಮೇಲಿನ ಎಲ್ಲ ಮನೆಗಳ ಸಂಪರ್ಕವೂ ಕೆಡುತ್ತದೆ. ಹೊರಗಿನ ಡಬ್ಬಿಗೆ ಆಪರೇಟರ್ ಹಿಂದೇಟು ಹಾಕುವುದರಲ್ಲಿ ಬಾಡಿಗೆಯ ಆಸೆಯೂ ಇರಬಹುದು. ಈ ಭಯವಂತೂ ಸುಳ್ಳಲ್ಲ.

ಆದ್ದರಿಂದಲೇ ಪ್ರತಿ ಡಬ್ಬಿಯ ತಳದ ಚೀಟಿಯಲ್ಲಿರುವ ಕ್ರಮಸಂಖ್ಯೆಯನ್ನೋ ಮ್ಯಾಕ್ ವಿಳಾಸವನ್ನೋ ಓಎಲ್‌ಟಿಯಲ್ಲಿ ನೋಂದಾಯಿಸುತ್ತಾರೆ. ನೋಂದಣಿಯಾಗದ ಡಬ್ಬಿಗೆ ಪಾಳಿಯೇ ಸಿಗುವುದಿಲ್ಲ. ಇದರ ಜೊತೆಗೆ ಫೈಬರ್‌ನಲ್ಲಿ ಮಾಹಿತಿ ಸಾಗಿಸುವ ಪದ್ಧತಿಗಳ ಎರಡು ಪಂಗಡಗಳಿವೆ: ಜಿಪಾನ್ ಮತ್ತು ಇಪಾನ್. ಜಿಪಾನ್‌ನ ಒಂದು ಎಳೆಯಲ್ಲಿ ಕೆಳಮುಖವಾಗಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಸುಮಾರು 1.25 ಗಿಗಾಬಿಟ್ ಹರಿಯುತ್ತದೆ. ಇಪಾನ್‌ನಲ್ಲಿ ಎರಡೂ ಕಡೆ ಸುಮಾರು 1.25. ಒಂದರ ಡಬ್ಬಿ ಇನ್ನೊಂದಕ್ಕೆ ನಡೆಯುವುದಿಲ್ಲ. ಎರಡಕ್ಕೂ ಹೊಂದಿಕೊಳ್ಳುವ ಡಬ್ಬಿಯನ್ನು ಎಕ್ಸ್‌ಪಾನ್ ಎಂದು ಮಾರುತ್ತಾರೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತವನು. ಕೊಪ್ಪಳದ ನಮ್ಮ ಮನೆಗೆ ಅಗ್ಗದ ಆಸೆಯಿಂದ ಬಳಸಿದ ಡಬ್ಬಿಯೊಂದನ್ನು ಆನ್‌ಲೈನ್‌ನಲ್ಲಿ 600 ರೂಪಾಯಿಗೆ ತರಿಸಿದೆ. ಲೈನ್ ನೋಡುವ ಹುಡುಗ ಬಂದು ಪ್ಲಗ್ ಚುಚ್ಚಿದ. ಸಂಪರ್ಕ ಸಿಕ್ಕಿತೋ ಎಂದು ತೋರಿಸುವ ಪಾನ್ ಎಂಬ ದೀಪ ಮಿಣುಕುತ್ತಲೇ ಇತ್ತೇ ಹೊರತು ಸ್ಥಿರವಾಗಿ ಉರಿಯಲಿಲ್ಲ. ಅವನು ಡಬ್ಬಿಯನ್ನು ಮಗುಚಿ, ಚೀಟಿಯನ್ನು ಒಮ್ಮೆ ಓದಿ, “ಸರ, ಇದು ಬರೇ ಜಿಪಾನ್ ಐತ್ರಿ, ನಮ್ದು ಇಪಾನ್. ಹತ್ತಂಗಿಲ್ಲ, ಹೊಳ್ಳಿ ಕಳಿಸಿಬಿಡ್ರಿ” ಎಂದ. ಹೊಳ್ಳಿ ಕಳಿಸಲು ಮಾರಿದವನು ಒಪ್ಪಲಿಲ್ಲ. ಒಪ್ಪುವ ಪಂಗಡದ್ದೇ ಆಗಿದ್ದರೂ ನನಗೆ ಪ್ರಯೋಜನವಾಗುತ್ತಿತ್ತೆಂಬ ಭರವಸೆಯಿರಲಿಲ್ಲ, ಏಕೆಂದರೆ ಬೇರೊಂದು ಕಂಪನಿಯ ಸಾಫ್ಟ್‌ವೇರ್ ಅದರಲ್ಲಿ ಬೀಗ ಹಾಕಿ ಕೂತಿತ್ತು. ಬಳಸಿದ ಡಬ್ಬಿಗಳಲ್ಲಿ ಈ ಬೀಗ ಸಾಮಾನ್ಯ.

ಹೀಗಾಗಿ ಕೊಳ್ಳುವ ಮೊದಲು ಆಪರೇಟರ್ ಕಚೇರಿಗೆ ಹೋಗಿ, ಹುಡುಗನನ್ನಲ್ಲ, ಓಎಲ್‌ಟಿ ನೋಡಿಕೊಳ್ಳುವವರನ್ನೇ ಕೇಳಿ: ನಿಮ್ಮದು ಜಿಪಾನೋ ಇಪಾನೋ, ನನ್ನ ಡಬ್ಬಿಯನ್ನು ನೋಂದಾಯಿಸುತ್ತೀರೋ, ನೋಂದಾಯಿಸಿದ ತಿಂಗಳಿಂದ ಬಾಡಿಗೆ ತೆಗೆಯುತ್ತೀರೋ, ಅದು ಕೆಟ್ಟರೆ ಲೈನ್ ಪರೀಕ್ಷೆಗೆ ಬರುತ್ತೀರೋ? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಬಾಡಿಗೆ ಡಬ್ಬಿ ಸುಟ್ಟರೆ ಬದಲಿಸುವ ಹೊಣೆ ಅವರದು. ಸ್ವಂತದ್ದು ಸುಟ್ಟರೆ ಡಬ್ಬಿಯೂ ನಿಮ್ಮದು, ತಕರಾರೂ ನಿಮ್ಮದು. ಬಿಲ್ಲಿನಲ್ಲಿ ಬಾಡಿಗೆ ಎಂದಿರುವುದು ನಿಜವಾಗಿ ಬಾಡಿಗೆಯೋ, ಹಿಂದಿರುಗಿಸಬೇಕಾದ ಠೇವಣಿಯ ಕಂತೋ ಎಂಬುದನ್ನೂ ಅಲ್ಲೇ ಬಗೆಹರಿಸಿಕೊಳ್ಳಿ. ಡಬ್ಬಿಯ ಮೂಲಕವೇ ಲ್ಯಾಂಡ್‌ಲೈನ್ ಫೋನ್ ಇದ್ದರೆ, ಆ ಸಂಖ್ಯೆಯ ವಿವರಗಳೂ ಡಬ್ಬಿಯೊಳಗೇ ಇರುವುದರಿಂದ, ಹೊಸ ಡಬ್ಬಿಗೆ ಅದನ್ನು ತುಂಬಿಸಿಕೊಡದಿದ್ದರೆ ಫೋನ್ ಮೂಕವಾಗುತ್ತದೆ. ಕೊಳ್ಳುವುದೇ ನಿಶ್ಚಯವಾದರೆ ಹೊಸದನ್ನೇ, ಎಕ್ಸ್‌ಪಾನ್ ಆಗಿರುವುದನ್ನೇ, ಬಿಲ್ಲಿನೊಡನೆ ಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ಸಲಹೆ ಬೇರೆಯೇ ಇದೆ. ಬಾಡಿಗೆಯನ್ನು ಚೌಕಾಸಿ ಮಾಡಿ ಇಳಿಸಿಕೊಳ್ಳಿ. ವರ್ಷದ ಹಣ ಒಮ್ಮೆಗೇ ಕಟ್ಟುವವರಿಗೆ ಅದನ್ನು ಪೂರ್ತಿ ಬಿಡುವ ಆಪರೇಟರ್‌ಗಳನ್ನು ನಾನು ಕಂಡಿದ್ದೇನೆ. ಡಬ್ಬಿ ಅವರದೇ ಇರಲಿ, ನೀವು ಒಂದು ಒಳ್ಳೆಯ ವೈಫೈ ರೌಟರ್ ಕೊಳ್ಳಿ. ಮೋಡೆಮ್ ಬದಲಿಸಬೇಕೆಂದು ಬರುವ ಹೆಚ್ಚಿನವರನ್ನು ವಿಚಾರಿಸಿದರೆ, ಅವರ ನಿಜವಾದ ದೂರು ಒಳಗಿನ ಕೋಣೆಗೆ ವೈಫೈ ಬರುವುದಿಲ್ಲವೆಂಬುದೇ ಆಗಿರುತ್ತದೆ. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಒಂದೂವರೆ ಅಡಿ ದಪ್ಪದ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯ ಟಿವಿ ಗೂಡಿನಲ್ಲಿಟ್ಟ ಡಬ್ಬಿಯ ಅಲೆಗಳು ಅಡುಗೆಮನೆ ತಲುಪುವಷ್ಟರಲ್ಲಿ ಸೋತಿರುತ್ತವೆ. ಅಗ್ಗದ ಡಬ್ಬಿಗಳಿಗೆ 2.4 ಗಿಗಾಹರ್ಟ್ಸ್‌ನ ಒಂದೇ ಬ್ಯಾಂಡ್ ಇರುವುದರಿಂದ ನೆರೆಮನೆಯ ವೈಫೈಗಳೊಡನೆ ಗುದ್ದಾಟ ಬೇರೆ. 5 ಗಿಗಾಹರ್ಟ್ಸ್ ವೇಗವಾಗಿದ್ದರೂ ಗೋಡೆಯ ಮುಂದೆ ಇನ್ನೂ ಬೇಗ ಸೋಲುತ್ತದೆ. ಆದಕಾರಣ ಡಬ್ಬಿಯಿಂದ ಒಂದು ಲ್ಯಾನ್ ಕೇಬಲ್ ಎಳೆದು ಮನೆಯ ನಟ್ಟನಡುವೆ ರೌಟರ್ ಇಡುವುದೇ ದಾರಿ. ಕೇಬಲ್ ಚುಚ್ಚುವ ಪೋರ್ಟ್ ಗಿಗಾಬಿಟ್‌ನದೋ ಎಂದು ನೋಡಿಕೊಳ್ಳಿ; 100 ಮೆಗಾಬಿಟ್‌ನ ಹಳೆಯ ಪೋರ್ಟಾದರೆ ನೀವು 200ರ ಪ್ಲಾನ್ ಹಾಕಿಸಿದರೂ ದಾಟುವುದು ನೂರರೊಳಗೇ. ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ ಎಂದು ಆಪರೇಟರ್‌ಗೆ ಹೇಳಿದರೆ ಅದು ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಇಂಟರ್‌ನೆಟ್‌ಗೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ರೌಟರ್‌ಗೆ ಬರುತ್ತವೆ. ನಾಳೆ ಆಪರೇಟರ್ ಬದಲಾದರೆ ಡಬ್ಬಿ ಹೋಗುತ್ತದೆ, ರೌಟರ್ ಉಳಿಯುತ್ತದೆ.

ಡಬ್ಬಿ ಕೆಟ್ಟಿದೆಯೆಂದು ನಿರ್ಧರಿಸುವ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಕರೆಂಟ್ ಹೋಗಿ ಬರುವ ಹೊಡೆತಕ್ಕೆ ಮೊದಲು ಸೋಲುವುದು ಆ 12 ವೋಲ್ಟ್‌ನ ಕರಿ ತುಂಡೇ. ಹೊಸದು ಅದೇ ವೋಲ್ಟ್‌ನದಾಗಿರಬೇಕು, ಆಂಪಿಯರ್ ಹಳೆಯದಕ್ಕಿಂತ ಕಡಿಮೆಯಿರಬಾರದು. ಕೆಂಪು ಲಾಸ್ (LOS) ದೀಪ ಉರಿಯುತ್ತಿದ್ದರೆ ತಪ್ಪು ಡಬ್ಬಿಯದಲ್ಲ, ಬೆಳಕೇ ಬರುತ್ತಿಲ್ಲ. ಆನೆಗೊಂದಿ ಕಡೆ ಇದಕ್ಕೆ ತಂತಿ ಜಗ್ಗುವ ಮಂಗಗಳೂ ಕಾರಣವಾಗುತ್ತವೆ. ಲಾಸ್ ದೀಪವಿಲ್ಲದೆ ಸಂಪರ್ಕ ಆಗಾಗ ಕಡಿಯುತ್ತಿದ್ದರೆ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಒಳಬರುವ ಬೆಳಕಿನ ಬಲ ನೋಡಿ: ಮೈನಸ್ 20 ಡಿಬಿಎಂ (ಆ ಬಲದ ಅಳತೆ) ಸುತ್ತಮುತ್ತ ಇದ್ದರೆ ಚೆನ್ನ, ಮೈನಸ್ 27ರ ಹತ್ತಿರ ಇಳಿದಿದ್ದರೆ ಎಷ್ಟು ಬೆಲೆಯ ಡಬ್ಬಿ ತಂದರೂ ಉಪಯೋಗವಿಲ್ಲ, ತಂತಿಯ ಜೋಡಣೆ ಸರಿಪಡಿಸಬೇಕು.

ಬಾಡಿಗೆಯದನ್ನು ಹಿಂದಿರುಗಿಸುವ ದಿನ ಬಂದರೆ ಕ್ರಮಸಂಖ್ಯೆ ಬರೆಸಿ ರಸೀದಿ ಪಡೆಯಿರಿ. ಪಾಸ್‌ವರ್ಡ್ ಅಳಿಸಲೆಂದು ಹಿಂಬದಿಯ ರಂಧ್ರಕ್ಕೆ ಪಿನ್ ಒತ್ತಿ ರೀಸೆಟ್ ಮಾಡುವುದಿದ್ದರೆ, ಹೊಸ ಡಬ್ಬಿ ಒಂದು ಪೂರ್ತಿ ದಿನ ಸರಿಯಾಗಿ ನಡೆದ ಮೇಲೆಯೇ ಮಾಡಿ. ಆ ಪಿನ್ನು ವೈಫೈ ಹೆಸರಿನೊಡನೆ ಆಪರೇಟರ್ ತುಂಬಿದ ವಿವರಗಳನ್ನೂ ಅಳಿಸುತ್ತದೆ, ಮತ್ತೆ ತುಂಬಿಸಲು ಹುಡುಗ ಬರುವವರೆಗೆ ಮನೆಯಲ್ಲಿ ಇಂಟರ್‌ನೆಟ್ ಇರುವುದಿಲ್ಲ.