ಸಾಲಿಗೊಂದು ತಾಳೆ ಸಂಖ್ಯೆ

1980ರ ದಶಕದ ಕಂಪ್ಯೂಟರ್ ಪತ್ರಿಕೆಗಳು ಗೇಮ್‌ಗಳ ಕೋಡನ್ನು ಪುಟಗಟ್ಟಲೆ ಅಚ್ಚು ಹಾಕುತ್ತಿದ್ದವು. ಓದುಗರು ಅದನ್ನು ನೋಡಿಕೊಂಡು ಟೈಪ್ ಮಾಡಬೇಕು. ಒಂದು ಅಂಕಿ ತಪ್ಪಿದರೂ ಆಟ ಕೆಡುತ್ತಿತ್ತು.

ಆಜ್ಞೆಯ ಸ್ಪೆಲ್ಲಿಂಗ್ ತಪ್ಪಿದರೆ ಪರವಾಗಿಲ್ಲ. ಆ ಕೋಡ್ ಬರೆಯುತ್ತಿದ್ದ ಬೇಸಿಕ್ ಭಾಷೆಯೇ ‘ಸಿಂಟ್ಯಾಕ್ಸ್ ಎರರ್’ ಅಂತ ಸಾಲಿನ ನಂಬರ್ ಸಮೇತ ಹೇಳಿಬಿಡುತ್ತದೆ. ತಲೆನೋವು ಇದ್ದದ್ದು ಬರೀ ಸಂಖ್ಯೆಗಳೇ ತುಂಬಿದ ‘ಡೇಟಾ’ ಸಾಲುಗಳಲ್ಲಿ. 141ರ ಜಾಗದಲ್ಲಿ 114 ಬಂದರೂ ಕಂಪ್ಯೂಟರಿಗೆ ಅದೂ ಸಂಖ್ಯೆಯೇ, ಅಲ್ವಾ?

ಆಗಿನ ಮನೆ ಕಂಪ್ಯೂಟರ್ ಕಾಮೊಡೋರ್ 64ರ ಒಂದು ಸಾಲು ನೋಡಿ: 169, 0, 141, 32, 208. ಪರದೆಯ ಅಂಚನ್ನು ಕಪ್ಪಾಗಿಸುವ ಯಂತ್ರಭಾಷೆ ಇದು. ಮೊದಲ ಎರಡು ‘ಸೊನ್ನೆ ತಗೋ’ ಅನ್ನುತ್ತವೆ, 141 ಅಂದರೆ ‘ಇಲ್ಲಿ ಇಡು’, ಕೊನೆಯ ಎರಡು ಇಡಬೇಕಾದ ಜಾಗದ ವಿಳಾಸ. ಎಲ್ಲ ಕೂಡಿದರೆ 550. ಪತ್ರಿಕೆ ಈ ಮೊತ್ತವನ್ನೂ ಸಾಲಿನ ಜೊತೆ ಅಚ್ಚು ಹಾಕಿದರೆ ಅದೇ ತಾಳೆ ಸಂಖ್ಯೆ. ಟೈಪ್ ಮಾಡಿದ್ದರ ಮೊತ್ತ ಬೇರೆ ಬಂದರೆ ಆ ಸಾಲಿನಲ್ಲಿ ತಪ್ಪಿದೆ ಎಂದರ್ಥ.

ಆದರೆ ಬೆರಳು ಅವಸರದಲ್ಲಿ 208, 32 ಅಂತ ಹಿಂದುಮುಂದು ಒತ್ತಿದರೆ? ಮೊತ್ತ ಆಗಲೂ 550! ವಿಳಾಸ ಮಾತ್ರ 53280ರಿಂದ 8400ಕ್ಕೆ ಹಾರಿರುತ್ತದೆ. ಅಂಚಿನ ಬಣ್ಣ ಬದಲಾಗುವುದಿಲ್ಲ, ಮೆಮೊರಿಯ ಆ ಜಾಗದಲ್ಲಿ ಇದ್ದದ್ದು ಸುಮ್ನೆ ಅಳಿಸಿಹೋಗುತ್ತದೆ. ‘ಕಂಪ್ಯೂಟ್!ಸ್ ಗೆಜೆಟ್’ ಪತ್ರಿಕೆ 1983ರಲ್ಲಿ ಕೊಟ್ಟ ‘ಆಟೋಮ್ಯಾಟಿಕ್ ಪ್ರೂಫ್‌ರೀಡರ್’ ಪ್ರೋಗ್ರಾಮಿಗೂ ಇದೇ ಕೊರತೆ. ಅದು ಬೇಸಿಕ್ ಸಾಲಿನ ಅಕ್ಷರಗಳ ಸಂಕೇತ ಸಂಖ್ಯೆಗಳನ್ನು ಬರೀ ಕೂಡುತ್ತಿತ್ತು.

1986ರಲ್ಲಿ ಬಂದ ಹೊಸ ಆವೃತ್ತಿ ಅಕ್ಷರ ಎಷ್ಟನೆಯ ಜಾಗದಲ್ಲಿದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿತು. ನಮ್ಮ ಸಾಲಿಗೂ ಅದೇ ಉಪಾಯ ಹಾಕಿ ನೋಡೋಣ. ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಹೀಗೆ ಗುಣಿಸುತ್ತಾ ಕೂಡಿದರೆ 1760. ಹಿಂದುಮುಂದಾದ ಸಾಲಿಗೆ 1584. ಸಿಕ್ಕಿಬಿತ್ತು! ಇದೂ ಪರಿಪೂರ್ಣ ಅಲ್ಲ: 141 ಹೋಗಿ 145, 32 ಹೋಗಿ 29 ಆದರೆ ಮತ್ತೆ 1760ಕ್ಕೇ ಬರುತ್ತದೆ. ಆದರೆ ಬೆರಳುಗಳು ಅಷ್ಟು ಲೆಕ್ಕ ಹಾಕಿ ತಪ್ಪು ಮಾಡುವುದು ಅಪರೂಪ ಬಿಡಿ.

ತಪ್ಪು ಯಾವ ಸಾಲಿನಲ್ಲಿದೆ ಎಂದಷ್ಟೇ ಇದು ಹೇಳುತ್ತದೆ. ಸಾಲಿನೊಳಗೆ ಕಣ್ಣೇ ಹುಡುಕಬೇಕು. ಕಣ್ಣೋ, ಇರಬೇಕಾದದ್ದನ್ನೇ ಇದೆ ಅಂತ ಓದಿಬಿಡುತ್ತದೆ. ಬಲದಿಂದ ಎಡಕ್ಕೆ ಒಂದೊಂದೇ ಸಂಖ್ಯೆ ಓದಿದರೆ ಆ ಮೋಸ ಕಡಿಮೆ.

1997ರಲ್ಲಿ ಇದೇ ಉಪಾಯ ಮತ್ತೆ ಬೇಕಾಯಿತು. ಪ್ರಬಲ ಗೂಢಲಿಪಿ ತಂತ್ರಾಂಶವನ್ನು ಪರವಾನಗಿ ಇಲ್ಲದೆ ಹೊರದೇಶಕ್ಕೆ ಕಳಿಸಲು ಅಮೆರಿಕ ಬಿಡುತ್ತಿರಲಿಲ್ಲ, ಪುಸ್ತಕಕ್ಕೆ ತಡೆ ಇರಲಿಲ್ಲ. ಇಮೇಲನ್ನು ಗುಟ್ಟಾಗಿಡುವ ಪಿಜಿಪಿ ಎಂಬ ತಂತ್ರಾಂಶದ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿ ಯುರೋಪಿಗೆ ಒಯ್ದು ಸ್ಕ್ಯಾನ್ ಮಾಡಿದರು. ಯಂತ್ರವೂ 1 ಮತ್ತು ಇಂಗ್ಲಿಷಿನ ‘ಎಲ್’ ನಡುವೆ ಎಡವುತ್ತದೆ. ಹಾಗಾಗಿ ಪ್ರತಿ ಸಾಲಿಗೂ ಒಂದು ತಾಳೆ ಸಂಕೇತ ಅಚ್ಚಾಗಿತ್ತು.