ಸಂಬಳ ತಪ್ಪೋಕೆ ಮುಂಚೆ ಪಿಎಫ್ ತಪ್ಪತ್ತೆ

ಒಂದ್ ಭಾನುವಾರ ಬೆಳಿಗ್ಗೆ ಪರಿಚಯದವರ ಮಗ ಮನೆಗೆ ಬಂದಿದ್ದ. ದಾವಣಗೆರೆ ಹುಡುಗ, ಬಿಇ ಮುಗಿಸಿ ಒಂಬತ್ತು ತಿಂಗಳಾಗಿತ್ತು, ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಒಂದು ಸಣ್ಣ ಸ್ಟಾರ್ಟಪ್‌ನಲ್ಲಿ ಕೆಲಸ, ಬಿಟಿಎಂನಲ್ಲಿ ಪಿಜಿ. ಕಾಫಿ ಕುಡಿದು ಲೋಟ ಕೆಳಗಿಟ್ಟು ಮೊದಲು ಹೇಳಿದ್ದೇ, "ಆಂಟಿ, ನಾನು ಈ ಫೀಲ್ಡಿಗೇ ಲಾಯಕ್ಕಿಲ್ಲ ಅನ್ಸತ್ತೆ." ಯಾಕಪ್ಪಾ ಅಂತ ಕೇಳಿದ್ರೆ ಕಥೆ ಬಂತು. ಬೆಳಿಗ್ಗೆ ಒಬ್ಬ ಫೌಂಡರ್ ಒಂದು ಕೆಲಸ ಹೇಳ್ತಾರೆ, ಮಧ್ಯಾಹ್ನ ಇನ್ನೊಬ್ಬರು ಬಂದು ಅದನ್ನ ಬಿಡು ಇದನ್ನ ಮಾಡು ಅಂತಾರೆ, ರಾತ್ರಿ ಹನ್ನೊಂದೂವರೆಗೆ ಮೊದಲನೆಯವರಿಂದ ವಾಟ್ಸಾಪ್, "ಇನ್ನೂ ಆಗಿಲ್ವಾ?" ಕೆಲಸ ಕಲಿಸಬೇಕಿದ್ದ ಸೀನಿಯರ್ ಇವನು ಸೇರಿದ ಎರಡನೇ ತಿಂಗಳೇ ಬಿಟ್ಟು ಹೋಗಿದ್ದಾರೆ, ಅವರ ಕೆಲಸವೆಲ್ಲ ಇವನ ತಲೆ ಮೇಲೆ. "ಎಲ್ಲಾ ಅರ್ಧಂಬರ್ಧ ಆಗ್ತಿದೆ ಆಂಟಿ, ನಂಗೆ ಸ್ಪೀಡೇ ಇಲ್ಲ."

ನಾನು ಕೇಳಿದ್ದು ಒಂದೇ ಪ್ರಶ್ನೆ, ನಿನ್ ಪಿಎಫ್, ಅಂದ್ರೆ ಭವಿಷ್ಯ ನಿಧಿಯ ಪಾಸ್‌ಬುಕ್ ನೋಡಿದೀಯಾ? ಅದಕ್ಕೂ ತನ್ನ ಕಷ್ಟಕ್ಕೂ ಏನು ಸಂಬಂಧ ಅಂತ ಅವನಿಗೆ ಗೊತ್ತಾಗಲಿಲ್ಲ. ಅಲ್ಲೇ ಮೊಬೈಲ್‌ನಲ್ಲಿ ತೆಗೆಸಿದೆ. ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳು 1,800 ರೂಪಾಯಿ ಪಿಎಫ್ ಅಂತ ಹಿಡಿದಿದ್ದಾರೆ, ಪಾಸ್‌ಬುಕ್‌ನಲ್ಲಿ ಕೊನೇ ನಾಲ್ಕು ತಿಂಗಳು ಒಂದು ಪೈಸೆಯೂ ಬಂದಿಲ್ಲ.

ಬೆಂಗಳೂರಿನ ಸಣ್ಣ ಕಂಪನಿಗಳಿಗೆ ಪೇರೋಲ್, ಅಂದ್ರೆ ಸಂಬಳದ ಲೆಕ್ಕ, ಮಾಡಿಕೊಡೋದು ನನ್ನ ಕೆಲಸ, ಹದಿನಾಲ್ಕು ವರ್ಷದಿಂದ. ಯಾವ ಕಂಪನಿಯ ಹೊಸ ಆಪ್ ಹೇಗಿದೆ ಅಂತ ನನಗೆ ಗೊತ್ತಾಗಲ್ಲ, ಆದ್ರೆ ಯಾವ ತಿಂಗಳು ಅದರ ಕೈಯಲ್ಲಿ ದುಡ್ಡಿಲ್ಲ ಅನ್ನೋದು ಅಲ್ಲಿ ಕೆಲಸ ಮಾಡೋರಿಗಿಂತ ಮೊದಲು ನಮ್ಮಂಥವರಿಗೆ ಗೊತ್ತಾಗತ್ತೆ. ತಿಂಗಳ ಕೊನೇ ವಾರದಲ್ಲಿ ಹಾಜರಿ ತರಿಸ್ಕೊಂಡು ಸಂಬಳದ ಲೆಕ್ಕ ಕಳಿಸ್ತೀವಿ, ಫೌಂಡರ್ ಓಕೆ ಅಂದ್ರೆ ಬ್ಯಾಂಕಿಗೆ ಫೈಲ್ ಹೋಗತ್ತೆ, ಆಮೇಲೆ ಟಿಡಿಎಸ್ (ಮೊದಲೇ ಹಿಡಿಯೋ ಆದಾಯ ತೆರಿಗೆ) 7ನೇ ತಾರೀಕಿನೊಳಗೆ, ಪಿಎಫ್ 15ರೊಳಗೆ, ಪ್ರೊಫೆಷನಲ್ ಟ್ಯಾಕ್ಸ್ (ರಾಜ್ಯದ ವೃತ್ತಿ ತೆರಿಗೆ) 20ರೊಳಗೆ ಕಟ್ಟಬೇಕು. ದುಡ್ಡು ಕಮ್ಮಿ ಬಿದ್ದಾಗ ಇದೆಲ್ಲ ಒಂದೇ ಸಲ ನಿಲ್ಲಲ್ಲ, ಒಂದು ಕ್ರಮದಲ್ಲಿ ನಿಲ್ಲತ್ತೆ. ಯಾರು ಫೋನ್ ಮಾಡಿ ಕೂಗಾಡಲ್ವೋ ಅವರದ್ದು ಮೊದಲು. ನೀರಿನ ಕ್ಯಾನ್‌ನವನು, ಹೌಸ್‌ಕೀಪಿಂಗ್ ಏಜೆನ್ಸಿ, ಆಮೇಲೆ ಸರ್ಕಾರಕ್ಕೆ ಕಟ್ಟೋ ದುಡ್ಡು. "ಈ ತಿಂಗಳು ನೆಟ್ ಸ್ಯಾಲರಿ ಮಾತ್ರ ಹಾಕ್ಬಿಡಿ, ಪಿಎಫ್ ಚಲನ್ ಮುಂದಿನ ತಿಂಗಳು ಸೇರಿಸಿ ಕಟ್ಟೋಣ" ಅಂತ ಫೌಂಡರ್ ಹೇಳಿದ ದಿನ ನನಗೆ ಹೊಟ್ಟೆ ತೊಳಸಿದಂಗಾಗತ್ತೆ, ಯಾಕಂದ್ರೆ ನಾನು ನೋಡಿದ ಹೆಚ್ಚಿನ ಕೇಸುಗಳಲ್ಲಿ ಅದಾದ ಮೂರ್ನಾಲ್ಕು ತಿಂಗಳಿಗೆ ಸಂಬಳವೇ 18ಕ್ಕೋ 27ಕ್ಕೋ ಜಾರಿದೆ. ಅಷ್ಟೊತ್ತಿಗೆ ಪಿಜಿ ಓನರ್ ಎರಡು ಸಲ ಬಾಗಿಲು ತಟ್ಟಿರ್ತಾರೆ, ಹುಡುಗರು ಊರಿಗೆ ಫೋನ್ ಮಾಡಿ ಅಪ್ಪನ ಹತ್ರ ದುಡ್ಡು ಕೇಳಿರ್ತಾರೆ.

ಹಂಗಾಗಿ ಹೊಸದಾಗಿ ಕೆಲಸಕ್ಕೆ ಸೇರಿದೋರಿಗೆ ನಾನು ಹೇಳೋದು, ತಿಂಗಳಿಗೊಂದ್ಸಲ, 25ನೇ ತಾರೀಕಿನ ಹೊತ್ತಿಗೆ, ಸರ್ಕಾರದ ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ತೆಗೆದು ನೋಡಿ. ಕಂಪನಿ 15,000ದ ಮಿತಿಗೆ ಕಟ್ಟೋದಾದ್ರೆ ನಿಮ್ಮ ಸಂಬಳದಿಂದ 1,800, ಕಂಪನಿಯಿಂದ ಇನ್ನೊಂದು 1,800. ಕಂಪನಿ ಪಾಲಲ್ಲಿ 1,250 ಪೆನ್ಷನ್‌ಗೆ ಹೋಗಿ 550 ಮಾತ್ರ ಪಿಎಫ್‌ಗೆ ಬರತ್ತೆ, ಅದನ್ನ ನೋಡಿ ಗಾಬರಿ ಬೀಳ್ಬೇಡಿ. ಎಂಟ್ರಿಯೇ ಇಲ್ಲ ಅಂದ್ರೆ ಗಾಬರಿ ಬೀಳಿ. ನಿಮ್ಮ ಸಂಬಳದಿಂದ ಹಿಡಿದು ಕಟ್ಟದೇ ಇಟ್ಕೊಳ್ಳೋದನ್ನ ಕಾನೂನು ಬರೀ ತಡ ಅಂತ ನೋಡಲ್ಲ, ನಂಬಿಕೆ ದ್ರೋಹದ ಅಪರಾಧ ಅಂತಲೇ ನೋಡತ್ತೆ.

ಆ ಹುಡುಗನಿಗೆ ನಾನು ಅವತ್ತು ಹೇಳೋಕೆ ಪ್ರಯತ್ನ ಪಟ್ಟಿದ್ದು ಇಷ್ಟೇ. ಬೆಳಿಗ್ಗೆ ಒಂದು ಮಧ್ಯಾಹ್ನ ಇನ್ನೊಂದು ಕೆಲಸ ಹೇಳೋದೂ, ನಾಲ್ಕು ತಿಂಗಳ ಪಿಎಫ್ ಕಟ್ಟದೇ ಇರೋದೂ ಬೇರೆ ಬೇರೆ ಸಮಸ್ಯೆ ಅಲ್ಲ. ಯಾವುದು ಮೊದಲು ಯಾವುದು ಆಮೇಲೆ ಅಂತ ತೀರ್ಮಾನ ಮಾಡೋರು ಆ ಆಫೀಸಲ್ಲಿ ಯಾರೂ ಇಲ್ಲ. ಕೆಲಸದಲ್ಲೂ ಇಲ್ಲ, ದುಡ್ಡಲ್ಲೂ ಇಲ್ಲ. ಆದ್ರೆ ಮೊದಲ ಕೆಲಸ ಮಾಡ್ತಿರೋ ಮಕ್ಕಳಿಗೆ ಹೋಲಿಸಿ ನೋಡೋಕೆ ಇನ್ನೊಂದು ಆಫೀಸೇ ಗೊತ್ತಿರಲ್ಲ, ಆಫೀಸ್ ಅಂದ್ರೆ ಹಿಂಗೇ ಇರತ್ತೆ, ನಂಗೇ ಬರ್ತಿಲ್ಲ ಅಂತ ಎಲ್ಲಾ ತಪ್ಪನ್ನೂ ತಮ್ಮ ಮೇಲೇ ಹಾಕ್ಕೊಂಡು ಒಳಗೊಳಗೇ ಕುಗ್ಗಿ ಹೋಗ್ತಾರೆ. ಇದನ್ನ ನೋಡಿದಾಗೆಲ್ಲ ನಂಗೆ ತುಂಬಾ ಸಂಕಟ ಆಗತ್ತೆ.

ಹಂಗಂತ ಗಲಾಟೆ ಇರೋ ಸ್ಟಾರ್ಟಪ್ ಎಲ್ಲಾ ಕೆಟ್ಟದ್ದು ಅಂತಲ್ಲ. ನನ್ನ ಒಬ್ಬ ಕ್ಲೈಂಟ್ ಬರಬೇಕಿದ್ದ ಫಂಡಿಂಗ್ ತಡ ಆದಾಗ ಹನ್ನೆರಡು ಜನರನ್ನೂ ಕೂರಿಸಿ, ಬ್ಯಾಂಕಲ್ಲಿ ಇಷ್ಟಿದೆ, ತಿಂಗಳಿಗೆ ಇಷ್ಟು ಖರ್ಚು, ನಾಲ್ಕು ತಿಂಗಳು ನಡೆಯತ್ತೆ, ಈ ಸಲ ಸಂಬಳ ಹತ್ತು ದಿನ ತಡ, ಹೋಗೋರು ಹೋಗ್ಬಹುದು ಅಂತ ಬಿಡಿಸಿ ಹೇಳಿದ್ರು. ಇಬ್ಬರು ಹೋದ್ರು, ಹತ್ತು ಜನ ಉಳ್ಕೊಂಡ್ರು, ಕಂಪನಿ ಇವತ್ತಿಗೂ ನಡೀತಿದೆ. ಆಫೀಸಲ್ಲಿ ಹತ್ತು ತಿಂಗಳು ಕಳೆದ್ರೂ ರನ್‌ವೇ ಎಷ್ಟಿದೆ, ಅಂದ್ರೆ ಇರೋ ದುಡ್ಡಲ್ಲಿ ಎಷ್ಟು ತಿಂಗಳು ನಡೆಯತ್ತೆ, ಅಂತ ಒಬ್ಬರೂ ಹೇಳಿಲ್ಲ, ಕೇಳಿದ್ರೆ "ನೆಗೆಟಿವ್ ಮೈಂಡ್‌ಸೆಟ್" ಅಂತ ಬೈಸ್ಕೊಂಡ್ರಿ ಅಂದ್ರೆ ಅಲ್ಲಿ ಯೋಚನೆ ಮಾಡಬೇಕಾದ್ದಿದೆ.

ಈಗ ಸೇರೋ ಮುಂಚಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಎಷ್ಟೋ ಜನ ಆಫರ್ ಲೆಟರ್‌ನಲ್ಲಿ ಸಿಟಿಸಿ, ಅಂದ್ರೆ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡೋ ಒಟ್ಟು ಖರ್ಚು, ಅದೊಂದನ್ನ ಬಿಟ್ಟು ಬೇರೇನೂ ಓದಲ್ಲ. 4,20,000 ಸಿಟಿಸಿ ಅಂದ್ಕೊಳ್ಳಿ, ತಿಂಗಳಿಗೆ 35,000 ಅಂತ ಅಮ್ಮನಿಗೆ ಹೇಳಿರ್ತೀರಿ. ಅದರಲ್ಲಿ ಕಂಪನಿ ಪಾಲಿನ ಪಿಎಫ್ ವರ್ಷಕ್ಕೆ 21,600, ಗ್ರ್ಯಾಚುಟಿ (ವರ್ಷಗಟ್ಟಲೆ ದುಡಿದು ಬಿಡುವಾಗ ಕೊಡೋ ಇಡುಗಂಟು) ಅಂತ ಬೇಸಿಕ್‌ನ 4.81%, ಬೇಸಿಕ್ (ಮೂಲ ಸಂಬಳ) ತಿಂಗಳಿಗೆ 17,500 ಇದ್ರೆ ಅದೊಂದು ಹತ್ತು ಸಾವಿರ, ಆಮೇಲೆ ವೇರಿಯಬಲ್ (ಕೆಲಸ ನೋಡಿ ಕೊಡೋ ಭಾಗ) ಅಂತ 42,000. ಇದನ್ನೆಲ್ಲ ಕಳೆದು, ನಿಮ್ಮ ಪಾಲಿನ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200 ಹಿಡಿದ್ರೆ ಕೈಗೆ ಬರೋದು 27,000ದ ಆಸುಪಾಸು. ಕಾಯಂ ನೌಕರಿಯಲ್ಲಿ ಗ್ರ್ಯಾಚುಟಿ ಕೈಗೆ ಬರಬೇಕಾದ್ರೆ ಸಾಮಾನ್ಯವಾಗಿ ಐದು ವರ್ಷ ಇರಬೇಕು, ವೇರಿಯಬಲ್ ಕೊಡೋದು ಬಿಡೋದು ಅವರಿಷ್ಟ. ಅದನ್ನ ನಂಬಿ ಪಿಜಿ, ಇಎಂಐ ಲೆಕ್ಕ ಹಾಕ್ಬೇಡಿ. ಈಸಾಪ್ಸ್ (ಮುಂದೆ ಕಂಪನಿ ಷೇರು ತಗೊಳ್ಳೋ ಹಕ್ಕು) ಕೊಡ್ತೀವಿ ಅಂದ್ರೂ ಅಷ್ಟೇ, ನಿಯಮದ ಪ್ರಕಾರ ಕೊಟ್ಟು ಒಂದು ವರ್ಷ ಆಗೋ ತನಕ ಅದು ವೆಸ್ಟ್ ಆಗೋ, ಅಂದ್ರೆ ನಿಮ್ಮದಾಗೋ, ಹಾಗೇ ಇಲ್ಲ, ಎಂಟನೇ ತಿಂಗಳು ಬಿಟ್ರೆ ಏನೂ ಇಲ್ಲ.

ಇನ್ನೊಂದು, ಇದನ್ನ ದಯವಿಟ್ಟು ಗಮನ ಇಟ್ಟು ನೋಡಿ. ಆಫರ್ ಲೆಟರ್‌ನಲ್ಲಿ ಎಂಪ್ಲಾಯೀ ಅಂತಿದೆಯೋ ಕನ್ಸಲ್ಟಂಟ್ ಅಂತಿದೆಯೋ? ದಿನಾ ಒಂಬತ್ತೂವರೆಗೆ ಹೋಗಿ ಕೂರ್ತೀರಿ, ರಜೆ ಬೇಕಂದ್ರೆ ಕೇಳಬೇಕು, ಆದ್ರೂ ಕಾಗದದ ಮೇಲೆ ನೀವು ಕನ್ಸಲ್ಟಂಟ್, ಪ್ರತಿ ತಿಂಗಳು 10% ಟಿಡಿಎಸ್ ಹಿಡಿದು ಉಳಿದಿದ್ದು ಹಾಕ್ತಾರೆ. ಯಾಕೆ ಹಿಂಗೆ ಮಾಡ್ತಾರೆ ಅಂದ್ರೆ 20 ಜನ ನೌಕರರಾದ್ರೆ ಪಿಎಫ್ ಕಡ್ಡಾಯ, ಕನ್ಸಲ್ಟಂಟ್ ಅಂತ ತೋರಿಸಿದ್ರೆ ಲೆಕ್ಕ 19ಕ್ಕೇ ನಿಲ್ಲತ್ತೆ. ಹಂಗೆ ಹಿಡಿದ ಟ್ಯಾಕ್ಸ್ ಆದಾಯ ತೆರಿಗೆ ವೆಬ್‌ಸೈಟ್‌ನಲ್ಲಿ ನಿಮ್ಮ ಹೆಸರಿನ ಟ್ಯಾಕ್ಸ್ ಸ್ಟೇಟ್‌ಮೆಂಟ್‌ನಲ್ಲಿ ಕಾಣಿಸ್ತಿದೆಯಾ ನೋಡ್ಕೊಳ್ಳಿ, ಕಾಣಿಸಿದ್ರೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಿ, ಅಷ್ಟು ಆದಾಯಕ್ಕೆ ಸಾಮಾನ್ಯವಾಗಿ ಟ್ಯಾಕ್ಸೇ ಬೀಳಲ್ಲ. ಕಂಪನಿ ಹೆಸರನ್ನ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹಾಕಿದ್ರೆ ಡೈರೆಕ್ಟರ್ ಯಾರು, ಕೊನೇ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಅಂತ ಬರತ್ತೆ. ಎರಡು ವರ್ಷದಿಂದ ಬ್ಯಾಲೆನ್ಸ್ ಶೀಟೇ ಹಾಕದ ಕಂಪನಿ ನಿಮಗೆ ಟೈಮಿಗೆ ಸಂಬಳ ಹಾಕತ್ತೆ ಅಂತ ನಾನಂತೂ ನಂಬಲ್ಲ.

ಬಾಂಡ್ ಬಗ್ಗೆ ಕೇಳದೇ ಇರೋರೇ ಇಲ್ಲ. ಎರಡು ವರ್ಷ ಇರಬೇಕು, ಬಿಟ್ರೆ 2 ಲಕ್ಷ ಕಟ್ಟಬೇಕು, ಅದು ನಡೆಯತ್ತಾ? 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಕೇಸಲ್ಲಿ, ಅದು ನಮ್ಮ ಕರ್ನಾಟಕ ಹೈಕೋರ್ಟ್‌ನಿಂದಲೇ ಮೇಲೆ ಹೋದ ಕೇಸು, ಸುಪ್ರೀಂ ಕೋರ್ಟ್ ಮೂರು ವರ್ಷದ 2 ಲಕ್ಷದ ಬಾಂಡ್ ಸರಿ ಅಂತ ಹೇಳಿದೆ. ಅದನ್ನೇ ತೋರಿಸಿ ಹೆದರಿಸೋರು ಈಗ ಜಾಸ್ತಿ ಆಗಿದಾರೆ. ಆದ್ರೆ ಅಲ್ಲಿ ಕೋರ್ಟ್ ನೋಡಿದ್ದು ಸರ್ಕಾರಿ ಬ್ಯಾಂಕು, ಬಹಿರಂಗ ನೇಮಕಾತಿಗೆ ಆಗೋ ಖರ್ಚು, ಆ ಹುದ್ದೆಯ ಸಂಬಳ. ಒಂದು ದಿನವೂ ಟ್ರೈನಿಂಗ್ ಕೊಡದೆ, ಸಂಬಳವನ್ನೇ ಸರಿಯಾಗಿ ಹಾಕದೆ ಇರೋ ಕಂಪನಿ ತನಗೆ ಎರಡು ಲಕ್ಷ ನಷ್ಟ ಆಯ್ತು ಅಂತ ಕೋರ್ಟಲ್ಲಿ ತೋರಿಸೋದು ಅಷ್ಟು ಸುಲಭ ಅಲ್ಲ. ಕೆಲಸ ಬಿಟ್ಟ ಮೇಲೆ ಅದೇ ಫೀಲ್ಡಲ್ಲಿ ಎಲ್ಲೂ ಸೇರಬಾರದು ಅಂತ ಬರೆಸ್ಕೊಂಡಿದ್ರೆ 1872ರ ಕರಾರು ಕಾಯ್ದೆ ಪ್ರಕಾರ ಅದಕ್ಕೆ ಬೆಲೆ ಇಲ್ಲ. ಒಂದು ಮಾತ್ರ ನೆನಪಿಟ್ಕೊಳ್ಳಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡ್ಬೇಡಿ. ನೋಡಿ ವಾಪಸ್ ಕೊಡಲಿ, ಇಟ್ಕೊಳ್ತೀವಿ ಅಂದ್ರೆ ಆ ಕೆಲಸವೇ ಬೇಡ.

ಒಳಗೆ ಇದ್ದಾಗ ಏನ್ ಮಾಡೋದು ಅನ್ನೋದಕ್ಕೆ ನನ್ನ ಹತ್ರ ದೊಡ್ಡ ಉಪಾಯ ಏನಿಲ್ಲ, ಆ ಹುಡುಗನಿಗೆ ಮಾಡಿಸಿದ್ದನ್ನೇ ಹೇಳ್ತೀನಿ. ಒಂದು ನೋಟ್‌ಬುಕ್ ತಗೊಂಡು ಯಾರು ಯಾವಾಗ ಏನ್ ಹೇಳಿದ್ರು, ಯಾವಾಗ ಬದಲಾಯಿಸಿದ್ರು ಅಂತ ದಿನಾ ಎರಡು ಸಾಲು. ಬಾಯಲ್ಲಿ ಹೇಳಿದ್ದಕ್ಕೆ ಸಂಜೆ ಇಬ್ಬರು ಫೌಂಡರ್‌ಗೂ ಸೇರಿಸಿ ಒಂದು ಮೇಲ್, "ಸರ್, ಬೆಳಿಗ್ಗೆ ಎ ಕೆಲಸ, ಮಧ್ಯಾಹ್ನ ಬಿ ಕೆಲಸ ಹೇಳಿದ್ರಿ, ನಾಳೆ ಬಿ ಮೊದಲು ಮಾಡ್ತೀನಿ, ಬೇರೆ ಇದ್ರೆ ತಿಳಿಸಿ." ಎರಡು ವಾರ ಆದಮೇಲೆ ಅವನೇ ನೋಟ್‌ಬುಕ್ ತಂದು ತೋರಿಸಿದ. ಹದಿನಾಲ್ಕು ಕೆಲಸ ಶುರು ಮಾಡಿದ್ದ, ಅದರಲ್ಲಿ ಒಂಬತ್ತನ್ನ ಅವರೇ ಮಧ್ಯದಲ್ಲಿ ನಿಲ್ಲಿಸಿದ್ದರು, ಉಳಿದ ಐದರಲ್ಲಿ ನಾಲ್ಕನ್ನ ಇವನು ಮುಗಿಸಿದ್ದ. "ನಂಗೆ ಸ್ಪೀಡ್ ಇಲ್ಲ ಅಂದ್ಕೊಂಡಿದ್ದೆ ಆಂಟಿ" ಅಂದ, ಅಷ್ಟೇ ಹೇಳಿ ಸುಮ್ನಾದ. ಆ ಐದನೇದು ನಿಜವಾಗ್ಲೂ ಅವನಿಗೆ ಬರ್ತಿರಲಿಲ್ಲ, ಡೇಟಾಬೇಸ್ ವಿಷಯ, ಅದನ್ನ ಕೂತು ಕಲಿತ.

ಆಫರ್ ಲೆಟರ್, ಸಂಬಳದ ಚೀಟಿ, ಹಾಜರಿ, ಸಂಬಳದ ಬಗ್ಗೆ ಬಂದ ಮೇಲ್, ಇವುಗಳ ಕಾಪಿ ನಿಮ್ಮ ಹತ್ರ ಇರಲಿ, ಆಫೀಸ್ ಮೇಲ್ ಅಕೌಂಟ್ ಬಂದ್ ಮಾಡಿದ ದಿನ ಎಲ್ಲಾ ಹೋಗ್ಬಿಡತ್ತೆ. ಆದ್ರೆ ಕಂಪನಿಯ ಕೋಡು, ಗ್ರಾಹಕರ ಮಾಹಿತಿ ಒಂದಕ್ಷರವೂ ನಿಮ್ಮ ಜಿಮೇಲ್‌ಗೆ ಕಳಿಸ್ಕೋಬೇಡಿ, ನ್ಯಾಯ ನಿಮ್ಮ ಕಡೆ ಇದ್ರೂ ಅದೊಂದರಿಂದ ಕೇಸು ತಿರುಗಿ ನಿಮ್ಮ ಮೇಲೇ ಬರತ್ತೆ.

ಬಿಡೋದೇ ಅಂತ ಆದ್ರೆ ರಾತ್ರೋರಾತ್ರಿ ಬ್ಯಾಗ್ ಹಿಡ್ಕೊಂಡು ಊರಿಗೆ ಹೋಗ್ಬೇಡಿ. ಮೇಲ್‌ನಲ್ಲಿ ರಾಜೀನಾಮೆ ಕೊಡಿ, ತಾರೀಕು ಇರಲಿ, ನೋಟಿಸ್ ಎಷ್ಟು ದಿನ ಅಂತ ನಿಮ್ಮ ಲೆಟರ್‌ನಲ್ಲಿ ಏನಿದೆಯೋ ನೋಡಿ, ಲ್ಯಾಪ್‌ಟಾಪ್ ವಾಪಸ್ ಕೊಟ್ಟಿದ್ದಕ್ಕೆ ಬರೆಸ್ಕೊಳ್ಳಿ. ಇಷ್ಟು ಮಾಡಿದೋರನ್ನ "ಅಬ್ಸ್ಕಾಂಡಿಂಗ್", ಅಂದ್ರೆ ಹೇಳದೆ ಓಡಿ ಹೋದೋರು, ಅಂತ ತೋರಿಸೋದು ಕಷ್ಟ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ, ಅದರ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು, ರಾಜೀನಾಮೆ ಕೊಟ್ಟು ಹೊರಟವರ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ. 45 ದಿನ ಆಗತ್ತೆ ಅನ್ನೋದು ಎಚ್‌ಆರ್ ಬಾಯಲ್ಲಿ ರೂಢಿ ಆಗಿರೋ ಮಾತು. ಕೊಡದೇ ಇದ್ರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದೆ, ಅಲ್ಲಿ ಕಾರ್ಖಾನೆಯವರದ್ದು ಮಾತ್ರ ಕೇಳ್ತಾರೆ ಅಂತ ತುಂಬಾ ಸಾಫ್ಟ್‌ವೇರ್ ಹುಡುಗರು ಹೋಗೋದೇ ಇಲ್ಲ, ಹೋಗಿ. ಕಂಪನಿಯನ್ನ ದಿವಾಳಿ ಕೋರ್ಟಿಗೆ ಎಳೀತೀನಿ ಅಂತ ಒಬ್ಬರೇ ಹೊರಡ್ಬೇಡಿ, ಅಲ್ಲಿ ಬಾಕಿ ಕನಿಷ್ಠ 1 ಕೋಟಿ ಇರಬೇಕು. ಹೊಸ ಕಂಪನಿ ಸೇರುವಾಗ ಹಳೇ ಪಿಎಫ್‌ನಲ್ಲಿ ಎಕ್ಸಿಟ್ (ಕೆಲಸ ಬಿಟ್ಟ) ತಾರೀಕು ಹಾಕಿಲ್ಲ ಅಂತ ಒದ್ದಾಡೋರಿದಾರೆ, ಹಳೇ ಕಂಪನಿ ಹಾಕ್ಲಿಲ್ಲ ಅಂದ್ರೆ ಕೊನೇ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಪಿಎಫ್ ಪೋರ್ಟಲ್‌ನಲ್ಲಿ ಹಾಕ್ಬಹುದು.

ನಮ್ಮ ಹುಡುಗ ಒಂದು ತಿಂಗಳು ನೋಟಿಸ್ ಮುಗಿಸಿ ಬಿಟ್ಟ. ಮುಂದಿನ ಇಂಟರ್ವ್ಯೂನಲ್ಲಿ ಹನ್ನೊಂದು ತಿಂಗಳಿಗೇ ಯಾಕೆ ಬಿಟ್ರಿ ಅಂತ ಕೇಳಿದಾಗ ಹಳೇ ಕಂಪನಿಯನ್ನ ಬೈಯದೆ, ಪಿಎಫ್ ಕಟ್ತಿರಲಿಲ್ಲ, ಸಂಬಳದ ತಾರೀಕು ಜಾರ್ತಿತ್ತು, ಅಲ್ಲಿ ಇವಿಷ್ಟು ಕೆಲಸ ಮುಗಿಸಿದೀನಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿದನಂತೆ. ಕೆಲಸ ಸಿಕ್ತು. ಹೊಸ ಆಫೀಸಿಗೆ ಸೇರಿದ ಮೊದಲ ವಾರ ಫೋನ್ ಮಾಡಿ, ಇಲ್ಲಿ ನಂಗೆ ಒಬ್ಬರೇ ಮ್ಯಾನೇಜರ್ ಆಂಟಿ, ಸಂಜೆ ಏಳರ ಮೇಲೆ ಮೆಸೇಜೇ ಬರಲ್ಲ ಅಂತ ಬಹಳ ಹೊತ್ತು ಮಾತಾಡಿದ. ಹಳೇ ಪಿಎಫ್ ದೂರನ್ನ ಪಿಎಫ್ ನೋಡ್ಕೊಳ್ಳೋ ಸಂಸ್ಥೆ ಇಪಿಎಫ್‌ಒ ಪೋರ್ಟಲ್‌ನಲ್ಲಿ ಇಬ್ಬರೂ ಕೂತು ಹಾಕಿದ್ವಿ. ನಾಲ್ಕರಲ್ಲಿ ಎರಡು ತಿಂಗಳದ್ದು ಬಂದಿದೆ, ಇನ್ನೆರಡು ಬಾಕಿ ಇದೆ, ನಾನು ಪ್ರತಿ ತಿಂಗಳು 25ಕ್ಕೆ ಅವನಿಗೆ ನೆನಪಿಸ್ತಿದೀನಿ.