ಸ್ಕೂಲ್ ಬಿಟ್ಟ ಮಗುವಿನ ಜೊತೆ ನೆರವು ಯಾಕೆ ಮನೆಗೆ ಬರಲ್ಲ? ಸ್ಪೆಷಲ್ ನೀಡ್ಸ್ ಹೋಂಸ್ಕೂಲಿಂಗ್ ಹಿನ್ನೆಲೆ

ಆಟಿಸಂ ಇರೋ ಮಗುನೋ, ಡೌನ್ ಸಿಂಡ್ರೋಮ್ ಇರೋ ಮಗುನೋ ಸ್ಕೂಲ್ ಬಿಡಿಸಿ ಮನೇಲೇ ಕಲಿಸ್ತೀವಿ ಅಂತ ಅಪ್ಪ ಅಮ್ಮ ಹೇಳಿದ ಕೂಡ್ಲೇ ಅರ್ಧ ಜನ "ಒಳ್ಳೇ ಕೆಲಸ ಮಾಡಿದ್ರಿ" ಅಂತಾರೆ, ಇನ್ನರ್ಧ ಜನ "ಮಗುನ ಮನೇಲೇ ಕೂಡಿಹಾಕ್ತೀರಾ" ಅಂತಾರೆ. ಇಬ್ಬರೂ ಒಂದೇ ವಿಷಯ ಮಾತಾಡ್ತಿರೋ ಹಾಗೆ ಕಾಣುತ್ತೆ, ಆದ್ರೆ ಬಹಳ ಸಲ ಹಾಗಿರಲ್ಲ. ಸ್ಕೂಲಿನೋರು ಬೇಡ ಅಂದಿದ್ದಕ್ಕೆ ಮನೇಲಿ ಉಳಿದ ಮಗು, ಸ್ಕೂಲಿಗೆ ಬರೋಕಾಗಲ್ಲ ಅಂತ ಸರ್ಕಾರವೇ ಮನೆಗೆ ಟೀಚರ್ ಕಳಿಸೋ ಮಗು, ಅಪ್ಪ ಅಮ್ಮ ಯೋಚನೆ ಮಾಡಿ ತಾವಾಗೇ ಕಲಿಸೋ ಮಗು, ಈ ಮೂರೂ ಬೇರೆ, ಇವುಗಳ ಹಿಂದಿನ ಕಥೆನೂ ಬೇರೆ. ಮೂರನ್ನೂ ಒಟ್ಟಿಗೆ ಕಲಸಿಬಿಟ್ಟಿರೋದ್ರಿಂದ ಯಾರಿಗೆ ಯಾವ ಹಕ್ಕಿದೆ ಅಂತ ಹುಡುಕೋಕೆ ಹೋದ ಪೋಷಕರು ಸುಸ್ತಾಗಿ ಹೋಗ್ತಾರೆ.

ಮೊದಲಿಂದ ಶುರು ಮಾಡೋಣ. ಪ್ರಷ್ಯಾದಲ್ಲಿ, ಅಂದ್ರೆ ಈಗಿನ ಜರ್ಮನಿ ಕಡೆ ಇದ್ದ ಹಳೇ ರಾಜ್ಯದಲ್ಲಿ, 1763ರ ಹೊತ್ತಿಗೇ ಮಕ್ಕಳು ಸ್ಕೂಲಿಗೆ ಬರಲೇಬೇಕು ಅನ್ನೋ ಆದೇಶ ಬಂದಿತ್ತು, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1852ಕ್ಕೆ, ಇಂಗ್ಲೆಂಡಲ್ಲಿ 1880ಕ್ಕೆ, 1918ರೊಳಗೆ ಅಮೆರಿಕದ ಎಲ್ಲಾ ರಾಜ್ಯಗಳಲ್ಲೂ ಹಾಜರಾತಿ ಕಡ್ಡಾಯ ಆಯ್ತು. ಆದ್ರೆ ಕಡ್ಡಾಯ ಅನ್ನೋದು ಎಲ್ಲಾ ಮಕ್ಕಳಿಗೂ ಅನ್ವಯ ಆಗ್ತಿರಲಿಲ್ಲ, ಅಂಗವೈಕಲ್ಯ ಇರೋ ಮಕ್ಕಳನ್ನ ಹೊರಗಿಡೋಕೆ ದಾರಿ ಇದ್ದೇ ಇರ್ತಿತ್ತು. 1919ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಹುಡುಗನ ಕೇಸ್ ಬಂತು. ಹುಟ್ಟಿನಿಂದ ಪಾರ್ಶ್ವವಾಯು, ಮಾತು ಸ್ಪಷ್ಟ ಇಲ್ಲ, ಬಾಯಿಂದ ಜೊಲ್ಲು ಸುರೀತಿತ್ತು, ಆದ್ರೆ ಪಾಠದಲ್ಲಿ ಉಳಿದ ಮಕ್ಕಳ ಸಮಕ್ಕೆ ಇದ್ದ. ಅವನನ್ನ ನೋಡಿದ್ರೆ ಟೀಚರ್‌ಗಳಿಗೂ ಬೇರೆ ಮಕ್ಕಳಿಗೂ ಮನಸ್ಸು ಕುಗ್ಗುತ್ತೆ, ವಾಕರಿಕೆ ಬರುತ್ತೆ ಅನ್ನೋ ವಾದವನ್ನ ಕೋರ್ಟ್ ಒಪ್ಪಿಕೊಂಡು ಹೊರಗಿಟ್ಟಿದ್ದು ಸರಿ ಅಂತು. ಇಂಗ್ಲೆಂಡಲ್ಲಂತೂ 1971ರವರೆಗೂ "ಕಲಿಸೋಕೆ ಸಾಧ್ಯವೇ ಇಲ್ಲ" ಅಂತ ಸರ್ಟಿಫಿಕೇಟ್ ಪಡೆದ ಮಕ್ಕಳು ಶಿಕ್ಷಣ ಇಲಾಖೆ ಲೆಕ್ಕಕ್ಕೇ ಬರ್ತಿರಲಿಲ್ಲ, ಆರೋಗ್ಯ ಇಲಾಖೆ ಪಾಲಿಗೆ ಬಿಟ್ಟಿದ್ರು. ಅಂದ್ರೆ ಈ ಮಕ್ಕಳು ಮನೇಲಿ ಕಲಿಯೋದು ಹೊಸ ಫ್ಯಾಶನ್ ಏನಲ್ಲ, ಅವತ್ತು ಮನೆ ಬಿಟ್ಟು ಬೇರೆ ಜಾಗನೇ ಇರಲಿಲ್ಲ. ಅದೂ ಇಲ್ಲದೋರಿಗೆ ಸಂಸ್ಥೆಯ ವಾರ್ಡು.

ಪೋಷಕರ ಸಂಘಟನೆಗಳು ಕೋರ್ಟಿಗೆ ಹೋದಮೇಲೇ ಇದು ಅಲುಗಾಡಿದ್ದು. ಪೆನ್ಸಿಲ್ವೇನಿಯಾದಲ್ಲೂ ವಾಷಿಂಗ್ಟನ್ ಡಿಸಿಯಲ್ಲೂ ನಡೆದ ಎರಡು ಕೇಸುಗಳಲ್ಲಿ 1972ರ ಹೊತ್ತಿಗೆ ಮಕ್ಕಳ ಪರ ಆದೇಶ ಬಂತು, ದುಡ್ಡಿಲ್ಲ ಅನ್ನೋ ನೆಪದ ಹೊರೆ ಈ ಮಕ್ಕಳ ಮೇಲೇ ಜಾಸ್ತಿ ಬೀಳೋ ಹಾಗಿಲ್ಲ ಅಂತ ಡಿಸಿ ಕೋರ್ಟ್ ಹೇಳ್ತು. 1975ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನಿನಲ್ಲೇ ಬರೆದಿದೆ, ಅಂಗವೈಕಲ್ಯ ಇರೋ ಮಕ್ಕಳು 80 ಲಕ್ಷಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ತಕ್ಕ ಶಿಕ್ಷಣ ಸಿಗ್ತಿಲ್ಲ, 10 ಲಕ್ಷ ಮಕ್ಕಳು ಸರ್ಕಾರಿ ಸ್ಕೂಲಿಂದ ಪೂರ್ತಿ ಹೊರಗಿದಾರೆ ಅಂತ. ಆ ಕಾನೂನಿಂದ ಸ್ಕೂಲಿನ ಬಾಗಿಲು ತೆರೀತು, ಪ್ರತಿ ಮಗುಗೂ ಅದರದ್ದೇ ಕಲಿಕಾ ಯೋಜನೆ, ಅಂದ್ರೆ ಐಇಪಿ, ಬಂತು. ಮಾತು ಕಲಿಸೋ ಸ್ಪೀಚ್ ಥೆರಪಿ, ದಿನದ ಕೆಲಸ ತಾನೇ ಮಾಡ್ಕೊಳ್ಳೋಕೆ ಕಲಿಸೋ ಆಕ್ಯುಪೇಷನಲ್ ಥೆರಪಿ ಎಲ್ಲಾ ಸ್ಕೂಲಿನ ಮೂಲಕವೇ ಸಿಗೋ ಹಾಗಾಯ್ತು. ಇದು ದೊಡ್ಡ ಗೆಲುವೇ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ನೆರವು ಸ್ಕೂಲಿನ ಹಾಜರಿ ಪುಸ್ತಕಕ್ಕೆ ಅಂಟಿಕೊಂಡಿದ್ದೂ ಇಲ್ಲಿಂದಲೇ.

ಅದೇ ಕಾಲದಲ್ಲಿ ಇನ್ನೊಂದು ಪ್ರಯೋಗ ನಡೀತಿತ್ತು, ಇದರ ಬಗ್ಗೆ ಮಾತಾಡೋರು ಕಮ್ಮಿ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ತೀನಿ. 1969ರಲ್ಲಿ ಅದೇ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಅನ್ನೋ ಊರಲ್ಲಿ ಒಂದು ಪ್ರಾಜೆಕ್ಟ್ ಶುರುವಾಯ್ತು. ಹಳ್ಳಿ ಕಡೆ ಪ್ರದೇಶ, ಸ್ಕೂಲಿಗೆ ಸೇರೋ ವಯಸ್ಸಾಗದ ಪುಟ್ಟ ಮಕ್ಕಳು, ಮನೆಗಳು ದೂರ ದೂರ, ಒಂದು ಕ್ಲಾಸಲ್ಲಿ ಕೂರಿಸೋಕೆ ಆಗದ ಸ್ಥಿತಿ. ಹಾಗಾಗಿ ಟೀಚರೇ ಮನೆಗೆ ಹೋಗೋದು ಅಂತ ತೀರ್ಮಾನ ಆಯ್ತು, ವಾರಕ್ಕೊಂದು ಸಲ, ಸುಮಾರು ಒಂದೂವರೆ ಗಂಟೆ. ಕೈಯಲ್ಲಿ ಒಂದು ಚೆಕ್‌ಲಿಸ್ಟ್, 1976ರ ಪರಿಷ್ಕೃತ ಆವೃತ್ತೀಲಿ 580 ಕೌಶಲಗಳು, ಮಾತು, ನಡಿಗೆ, ತಾನೇ ತಿನ್ನೋದು, ಬಟ್ಟೆ ಹಾಕೋದು, ಬೇರೆಯವರ ಜೊತೆ ಬೆರೆಯೋದು, ಹೀಗೆ. ಮಗುಗೆ ಈಗಾಗಲೇ ಏನು ಬರುತ್ತೆ ಅಂತ ಮೊದಲು ನೋಡಿ, ಅದರ ಮುಂದಿನ ಒಂದೇ ಒಂದು ಹೆಜ್ಜೆನ ಒಂದು ವಾರದ ಗುರಿ ಮಾಡ್ಕೊಳ್ಳೋದು.

ಕಾಲುಚೀಲ ಹಾಕೋದನ್ನ ಕಲಿಸೋ ರೀತಿ ನೋಡಿ. ಪೂರ್ತಿ ಕೆಲಸವನ್ನ ಚಿಕ್ಕ ಚಿಕ್ಕದಾಗಿ ಒಡೆದು ಕೊನೆಯಿಂದ ಶುರು ಮಾಡ್ತಾರೆ. ಬೆರಳು ತೂರಿಸೋದು, ಪಾದಕ್ಕೆ ಎಳೆಯೋದು, ಹಿಮ್ಮಡಿ ದಾಟಿಸೋದು ಎಲ್ಲಾ ಅಮ್ಮನೇ ಮಾಡಿ, ಕಣಕಾಲಿಂದ ಮೇಲಕ್ಕೆ ಎಳೆಯೋ ಕೊನೇ ಒಂದು ಎಳೆತ ಮಾತ್ರ ಮಗುಗೆ ಬಿಡ್ತಾರೆ, ಕೆಲಸ ಮುಗಿಸಿದ ಖುಷಿ ಮಗುದು. ಅದು ಸರಾಗ ಆದ್ಮೇಲೆ ಹಿಮ್ಮಡಿಯಿಂದ, ಆಮೇಲೆ ಪಾದದಿಂದ. ಟೀಚರ್ ಮೊದಲು ಮಾಡಿ ತೋರಿಸ್ತಾರೆ, ಆಮೇಲೆ ಅಮ್ಮನ ಕೈಲಿ ಮಾಡಿಸಿ ನೋಡ್ತಾರೆ, ಒಂದು ಚಾರ್ಟ್ ಬರೆದಿಟ್ಟು ಹೋಗ್ತಾರೆ, ದಿನಾ ಮನೆಯವರು ಗುರುತು ಹಾಕ್ತಾರೆ. ಮುಂದಿನ ವಾರ ಗುರಿ ಮುಟ್ಟಿಲ್ಲ ಅಂದ್ರೆ ಹೆಜ್ಜೆ ದೊಡ್ಡದಾಯ್ತು ಅಂತ ಅರ್ಥ, ಇನ್ನೂ ಚಿಕ್ಕದು ಮಾಡ್ಬೇಕು. ಮಗು ಫೇಲ್, ಅಮ್ಮ ಫೇಲ್ ಅನ್ನೋ ಮಾತೇ ಇಲ್ಲ. ಬ್ರಿಟನ್, ಜಪಾನ್, ಭಾರತ ಸೇರಿ ಎಷ್ಟೋ ದೇಶಗಳಿಗೆ ಈ ಪದ್ಧತಿ ಹರಡಿತು, ಮನೇಲಿ ಕಲಿಸೋದು ಅಂದ್ರೆ ಮನೆಯವರನ್ನ ಒಬ್ಬಂಟಿ ಬಿಡೋದು ಅಂತ ಆಗ್ಬೇಕಿಲ್ಲ ಅನ್ನೋಕೆ ನನಗೆ ಇದಕ್ಕಿಂತ ಒಳ್ಳೇ ಸಾಕ್ಷಿ ಗೊತ್ತಿಲ್ಲ. ಆದ್ರೆ ಇದು ನಿಲ್ತಿದ್ದಿದ್ದು ಸ್ಕೂಲ್ ವಯಸ್ಸಿಗೆ. ಆರು ವರ್ಷ ಆದ್ಮೇಲೆ ಮನೆಗೆ ಬರೋ ಟೀಚರ್ ಬರಲ್ಲ, ಮಗುನೇ ಹೋಗ್ಬೇಕು.

ಆಟಿಸಂ ಕಡೆಯ ಕಥೆ ಇನ್ನೂ ಕಷ್ಟದ್ದು. 1950, 60ರ ದಶಕದಲ್ಲಿ ತಾಯಿಯ ತಣ್ಣನೆ ಸ್ವಭಾವದಿಂದಲೇ ಆಟಿಸಂ ಬರುತ್ತೆ ಅಂತ ದೊಡ್ಡ ದೊಡ್ಡವರೇ ಹೇಳ್ತಿದ್ರು, ತನ್ನ ಮಗನಿಗೂ ಆಟಿಸಂ ಇದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಅದನ್ನ ಗಟ್ಟಿಯಾಗಿ ಅಲ್ಲಗಳೆದರು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಎರಿಕ್ ಶಾಪ್ಲರ್ ಅನ್ನೋ ಮನಶ್ಶಾಸ್ತ್ರಜ್ಞ ಅಪ್ಪ ಅಮ್ಮಂದಿರನ್ನೇ ಥೆರಪಿಯಲ್ಲಿ ಜೊತೆಗಾರರು ಮಾಡ್ಕೊಂಡರು. 1987ರಲ್ಲಿ ಲೋವಾಸ್ ಅನ್ನೋ ಮನಶ್ಶಾಸ್ತ್ರಜ್ಞರ ಅಧ್ಯಯನ ಬಂತು, ವಾರಕ್ಕೆ 40 ಗಂಟೆ ನಡವಳಿಕೆ ತರಬೇತಿ ಕೊಟ್ಟ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಮಟ್ಟಕ್ಕೆ ಬಂದರು ಅಂತ. ಮಕ್ಕಳನ್ನ ಗುಂಪುಗಳಿಗೆ ಹಂಚಿದ ರೀತಿ ಸರಿ ಇರಲಿಲ್ಲ, ಜೋರಾಗಿ ಗದರೋದು, ತೊಡೆಗೆ ಹೊಡೆಯೋದೂ ಅದರಲ್ಲಿತ್ತು ಅಂತ ಆಮೇಲೆ ಬೇಕಾದಷ್ಟು ಟೀಕೆ ಬಂತು, ಆದ್ರೆ 40 ಗಂಟೆ ಅನ್ನೋ ಸಂಖ್ಯೆ ಪೋಷಕರ ತಲೇಲಿ ಕೂತುಬಿಡ್ತು. ತಪ್ಪು ನಿಮ್ಮದೇ ಅನ್ನಿಸ್ಕೊಂಡಿದ್ದ ಅಮ್ಮಂದಿರ ಮೇಲೆ ಈಗ ಗುಣ ಮಾಡೋ ಜವಾಬ್ದಾರಿನೂ ಬಿತ್ತು, ಮನೆ ಅನ್ನೋದು ಬೆಳಗಿಂದ ಸಂಜೆವರೆಗೂ ಕ್ಲಿನಿಕ್ ಆಗೋ ಅಪಾಯ ಹುಟ್ಟಿದ್ದು ಹೀಗೆ. ಮನೇಲಿ ಕಲಿಯೋ ಮಗುಗೆ ಸುಮ್ನೆ ಮಗುವಾಗಿರೋಕೂ ಟೈಮ್ ಬೇಕು.

ಇದಕ್ಕೆಲ್ಲಾ ಸಂಬಂಧವೇ ಇಲ್ಲದ ಹಾಗೆ ಹೋಂಸ್ಕೂಲಿಂಗ್ ಚಳವಳಿ ಬೇರೆ ಕಡೆ ಬೆಳೀತಿತ್ತು. ಅಮೆರಿಕದ ಶಿಕ್ಷಣ ಲೇಖಕ ಜಾನ್ ಹೋಲ್ಟ್ 1977ರಲ್ಲಿ ಇದಕ್ಕೇ ಅಂತ ಪತ್ರಿಕೆ ಶುರು ಮಾಡಿದ್ರು, ಧಾರ್ಮಿಕ ಕಾರಣಕ್ಕೆ ಸ್ಕೂಲ್ ಬೇಡ ಅಂದ ಕುಟುಂಬಗಳೂ ಸೇರಿಕೊಂಡವು, 1993ರ ಹೊತ್ತಿಗೆ ಅಮೆರಿಕದ ಎಲ್ಲಾ 50 ರಾಜ್ಯಗಳಲ್ಲೂ ಕಾನೂನುಬದ್ಧ ಆಯ್ತು. ಅವರ ಹೋರಾಟ ಇದ್ದಿದ್ದು "ನಮ್ಮ ಪಾಡಿಗೆ ನಮ್ಮನ್ನ ಬಿಡಿ" ಅಂತ. ಸ್ಪೆಷಲ್ ನೀಡ್ಸ್ ಮಗುವಿನ ಮನೆಯವರ ಬೇಡಿಕೆ ಬಹುಪಾಲು ಇದಕ್ಕೆ ತದ್ವಿರುದ್ಧ, ನಮ್ಮನ್ನ ಬಿಟ್ಟು ಹೋಗ್ಬೇಡಿ ಅಂತ. ಎರಡಕ್ಕೂ ಒಂದೇ ಕಾನೂನು ಅನ್ವಯ ಆದಾಗ ಗಂಟು ಬಿಗಿಯಾಯ್ತು.

ಇಂಗ್ಲೆಂಡ್ ಉದಾಹರಣೆ ತಗೊಳ್ಳಿ. ಮಗುಗೆ ತಕ್ಕ ಶಿಕ್ಷಣವನ್ನ ಸ್ಕೂಲಲ್ಲೋ "ಬೇರೆ ರೀತಿಯಲ್ಲೋ" ಕೊಡಿಸೋದು ಪೋಷಕರ ಕರ್ತವ್ಯ ಅಂತ 1944ರ ಕಾಯ್ದೆಯಲ್ಲೇ ಇತ್ತು, 1996ರ ಕಾಯ್ದೆಯಲ್ಲಿ ಮಗುವಿನ ವಿಶೇಷ ಅಗತ್ಯಗಳ ಮಾತೂ ಇದೆ. 2014ರ ಕಾಯ್ದೆ ಪ್ರಕಾರ ಈ ಮಗುಗೆ ಸ್ಕೂಲ್ ಸೂಕ್ತ ಅಲ್ಲ ಅಂತ ಸ್ಥಳೀಯ ಆಡಳಿತವೇ ಒಪ್ಪಿದ್ರೆ ಮನೇಲೇ ಟ್ಯೂಟರ್, ಥೆರಪಿ ವ್ಯವಸ್ಥೆ ಮಾಡಬಹುದು, ಖರ್ಚು ಆಡಳಿತದ್ದು. ಅದೇ ಮಾತನ್ನ ಅಪ್ಪ ಅಮ್ಮ ಹೇಳಿ ತಾವಾಗೇ ಸ್ಕೂಲಿಂದ ಹೆಸರು ತೆಗೆಸಿ ಮನೇಲಿ ಸರಿಯಾಗಿ ಕಲಿಸಿದ್ರೆ ಆಡಳಿತದ ಆ ಹೊಣೆ ಹೋಗುತ್ತೆ. ಅದೇ ಮಗು, ಅದೇ ಮನೆ, ಅದೇ ಕಷ್ಟ, ಪತ್ರಕ್ಕೆ ಯಾರು ಸಹಿ ಹಾಕಿದ್ರು ಅನ್ನೋದಷ್ಟೇ ವ್ಯತ್ಯಾಸ. ದಿನಾ ಫೋನ್ ಮಾಡಿ "ಬಂದು ಕರ್ಕೊಂಡು ಹೋಗಿ" ಅಂತ ಹೇಳಿಸ್ಕೊಂಡು ಹೇಳಿಸ್ಕೊಂಡು ಸಾಕಾಗಿ ಸಹಿ ಹಾಕಿದೋರೂ ದಾಖಲೆ ಪ್ರಕಾರ ಸ್ವಇಚ್ಛೆಯಿಂದ ಹೋದೋರೇ.

ಇನ್ನೊಂದು ಕಡೆ ಎಲ್ಲರೂ ಒಟ್ಟಿಗೆ ಕಲೀಬೇಕು ಅನ್ನೋ ತತ್ವ ಗಟ್ಟಿಯಾಗ್ತಾ ಬಂತು, ವಿಶೇಷ ಅಗತ್ಯದ ಮಕ್ಕಳ ಶಿಕ್ಷಣದ ಬಗ್ಗೆ 1994ರ ಸಲಮಾಂಕಾ ಘೋಷಣೆ, ಅಂಗವೈಕಲ್ಯ ಇರೋರ ಹಕ್ಕುಗಳ ಬಗ್ಗೆ 2006ರ ವಿಶ್ವಸಂಸ್ಥೆ ಒಪ್ಪಂದ ಬಂದವು. ಜರ್ಮನಿಯಲ್ಲಿ ಹೋಂಸ್ಕೂಲಿಂಗ್‌ಗೆ ಹೆಚ್ಚುಕಮ್ಮಿ ಅವಕಾಶವೇ ಇಲ್ಲ. ಭಾರತದಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಬಹುವಿಧ ಮತ್ತು ತೀವ್ರ ಅಂಗವೈಕಲ್ಯ ಇರೋ ಮಕ್ಕಳಿಗೆ ಮನೆ ಆಧಾರಿತ ಶಿಕ್ಷಣ ಆಯ್ಕೆ ಮಾಡ್ಕೊಳ್ಳೋ ಹಕ್ಕು ಕೊಟ್ಟಿತು, ಇದನ್ನೇ ತೋರಿಸಿ ಸ್ಕೂಲುಗಳು ಮಕ್ಕಳನ್ನ ಸಾಗಹಾಕ್ತವೆ ಅಂತ ಅಂಗವೈಕಲ್ಯ ಹಕ್ಕುಗಳ ಹೋರಾಟಗಾರರು ಆಗಲೇ ಆತಂಕ ಪಟ್ಟಿದ್ರು. 1919ರ ಆ ತೀರ್ಪು ನೆನಪಿದ್ರೆ ಆ ಆತಂಕ ಅತಿ ಅಂತ ಯಾರೂ ಅನ್ನಲ್ಲ. ಆದ್ರೆ ಬೆಲ್ ಹೊಡೆದ್ರೆ ಕಿವಿ ಮುಚ್ಕೊಂಡು ಮೂಲೆ ಸೇರೋ ಮಗುನ ತತ್ವಕ್ಕೋಸ್ಕರ ಅಲ್ಲೇ ಕೂರಿಸಿ ಅನ್ನೋದೂ ನ್ಯಾಯ ಅಲ್ಲ.

ಅಮೆರಿಕದಲ್ಲಿ ಈಗಲೂ ಪರಿಸ್ಥಿತಿ ಹೀಗಿದೆ: ಅಂಗವೈಕಲ್ಯ ಇರೋ ಮಕ್ಕಳನ್ನ ಗುರುತಿಸಿ ಪರೀಕ್ಷೆ ಮಾಡೋ ಹೊಣೆ ಸರ್ಕಾರಿ ಸ್ಕೂಲ್ ವ್ಯವಸ್ಥೆದು, ಹೋಂಸ್ಕೂಲನ್ನ ಖಾಸಗಿ ಶಾಲೆ ಅಂತ ಲೆಕ್ಕ ಹಾಕೋ ರಾಜ್ಯಗಳಲ್ಲಿ ಮನೇಲಿ ಕಲಿಯೋ ಮಗುನೂ ಇದರಲ್ಲಿ ಬರುತ್ತೆ. ಪರೀಕ್ಷೆ ಆಗುತ್ತೆ, ಮಗುಗೆ ಏನೇನು ಬೇಕು ಅಂತ ರಿಪೋರ್ಟೂ ಕೈಗೆ ಬರುತ್ತೆ, ಆದ್ರೆ ಅದರಲ್ಲಿ ಬರೆದಿರೋದನ್ನ ಆ ಮಗುಗೆ ಕೊಡಲೇಬೇಕು ಅನ್ನೋ ಹಕ್ಕು ಮಾತ್ರ ಬರಲ್ಲ.